ಗುಡ್ಡದ ನೆತ್ತಿಯ ವಿಮಾನನಿಲ್ದಾಣ

ನಮ್ಮ ಕಂದಿಕೆರೆಯ ಸೀಮೆಯವರಿಗೆ ವಿಮಾನವೆಂದರೆ ತೆಂಗಿನ ಗರಿಗಳ ನಡುವೆ ಕ್ಷಣಕಾಲ ಮಿನುಗಿ ಮರೆಯಾಗುವ ಬಿಳಿಯ ಗೆರೆ. ಇಲ್ಲಿ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಲು ರಸ್ತೆಯಿದೆ. ಅಲ್ಲಿಂದ ಮುಂದಕ್ಕೆ ರೈಲಿದೆ. ಆದುದರಿಂದ ಪಶ್ಚಿಮ ಕರಾವಳಿಯ ಜನರಿಗೆ ವಿಮಾನನಿಲ್ದಾಣವೊಂದು ಏಕೆ ಅಷ್ಟು ಪ್ರಿಯವೆಂಬುದು ಇಲ್ಲಿಯ ವಿದ್ಯಾರ್ಥಿಗಳಿಗೆ ಸುಲಭವಾಗಿ ಹೊಳೆಯದು. ಗುಡ್ಡದ ತುದಿಯಲ್ಲಿ ವಿಮಾನವಿಳಿಸುವ ಹುಚ್ಚೇಕೆಂದು ತರಗತಿಯಲ್ಲಿ ನಮ್ಮನ್ನು ಕೇಳಿದವರುಂಟು. ಪ್ರಶ್ನೆ ಸಾಧುವಾದುದೇ, ಅದರೊಳಗಿನ ತಾತ್ಸಾರ ಮಾತ್ರ ಸಾಧುವಲ್ಲ.

ಭೂಪಟವನ್ನು ತೆರೆದು ನೋಡಬೇಕು. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಸಮುದ್ರ. ನಡುವಣ ಕಿರಿದಾದ ಪಟ್ಟಿಯನ್ನು ನದಿಗಳು ಅಡ್ಡಡ್ಡ ಸೀಳಿವೆ. ಮಂಗಳೂರಿನ ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದು ವಿಮಾನನಿಲ್ದಾಣ ಆರಂಭವಾದಾಗ, ಪ್ರಧಾನಿ ನೆಹರೂ ಅವರು ಡಿಸಿ-3 ವಿಮಾನದಲ್ಲಿ ಅಲ್ಲಿಗೆ ಬಂದಿಳಿದರು. ಆಗ ಆ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು. ಘಟ್ಟವನ್ನು ದಾಟಿ ಹಾಸನದಿಂದ ಮಂಗಳೂರಿಗೆ ರೈಲುಮಾರ್ಗ ಪೂರ್ಣಗೊಂಡುದು 1979ರಲ್ಲಿ. ಇಂದಿಗೂ ಮಳೆಗಾಲದಲ್ಲಿ ಶಿರಾಡಿ ಘಟ್ಟದ ದಾರಿ ಕುಸಿದು ಸಂಚಾರ ನಿಲ್ಲುವುದು ಅಪರೂಪವಲ್ಲ. ಅಂತಹ ನಾಡಿಗೆ ವಿಮಾನ ವಿಲಾಸವಲ್ಲ.

ಗುಡ್ಡದ ನೆತ್ತಿಯನ್ನೇ ಏಕೆ ಆರಿಸಬೇಕಾಯಿತು? ಕಣಿವೆಗಳಲ್ಲಿ ಗದ್ದೆ, ತೋಟ, ನೆರೆ. ಅಗಲವಾದ, ನೀರು ನಿಲ್ಲದ ನೆಲ ದೊರೆಯುವುದು ಜಂಬಿಟ್ಟಿಗೆಯ ಗುಡ್ಡಗಳ ಮೇಲೆಯೇ. ಅವುಗಳ ತಲೆ ಮೇಜಿನಂತೆ ಚಪ್ಪಟೆ. ಅಂಚು ಕಡಿದಾದ ಇಳಿಜಾರು. ಬಜ್ಪೆಯ ಮೊದಲ ರನ್‌ವೇ ಸುಮಾರು 1,600 ಮೀಟರು ಉದ್ದವಿತ್ತು. 2006ರಲ್ಲಿ ಬಳಕೆಗೆ ಬಂದ ಎರಡನೆಯದು 2,450 ಮೀಟರು.

ಈಗ ಸ್ವಲ್ಪ ಲೆಕ್ಕ. 20 ಮೀಟರು ಎತ್ತರದ ಮರದಿಂದ ಕಳಚಿದ ತೆಂಗಿನಕಾಯಿ ಸೆಕೆಂಡಿಗೆ ಸುಮಾರು 20 ಮೀಟರು ವೇಗದಿಂದ ನೆಲವನ್ನು ಮುಟ್ಟುತ್ತದೆ. ಅದರಡಿಯಲ್ಲಿ ನಿಲ್ಲಬಾರದೆಂಬುದನ್ನು ನಮ್ಮ ಸೀಮೆಯ ಮಗುವಿಗೂ ಹೇಳಿಕೊಡಬೇಕಾಗಿಲ್ಲ. ನೆಲ ಮುಟ್ಟುವ ಜೆಟ್ ವಿಮಾನದ ವೇಗವನ್ನು ಸೆಕೆಂಡಿಗೆ 72 ಮೀಟರೆಂದು ಇಟ್ಟುಕೊಳ್ಳೋಣ. ಕಾಯಿಗೆ ಈ ವೇಗ ಬರಬೇಕಾದರೆ, ಗಾಳಿಯ ತಡೆಯನ್ನು ಬಿಟ್ಟರೂ, ಹದಿಮೂರು ಮರಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕು! ವೇಗ ಮೂರೂವರೆ ಪಟ್ಟು, ಎತ್ತರ ಹದಿಮೂರು ಪಟ್ಟು: ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆಂಬ ಪಾಠದ ಅರ್ಥ ಇದು. ವಿಮಾನದ ತೂಕ 60 ಟನ್ನುಗಳಾದರೆ, ಅದು ನಿಲ್ಲುವ ಮುನ್ನ ಕಳೆದುಕೊಳ್ಳಬೇಕಾದ ಶಕ್ತಿ ಐನೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು.

ಪ್ರತಿ ಸೆಕೆಂಡಿಗೆ ವೇಗ 2 ಮೀಟರಿನಷ್ಟು ತಗ್ಗುತ್ತಿದ್ದರೆ ಈ ವಿಮಾನಕ್ಕೆ ಸುಮಾರು 1,300 ಮೀಟರು ಬೇಕು. ಮಳೆನೀರಿನಿಂದ ಚಕ್ರ ಜಾರಿ ಆ ಪ್ರಮಾಣ ಒಂದೂವರೆಗೆ ಇಳಿದರೆ 1,700 ಮೀಟರಿಗೂ ಹೆಚ್ಚು. ಬೆನ್ನ ಹಿಂದಿನಿಂದ ಸೆಕೆಂಡಿಗೆ 5 ಮೀಟರಿನ ಗಾಳಿ ಬೀಸಿದರೆ ದೂರ ಮತ್ತೆ ಏಳರಲ್ಲೊಂದು ಪಾಲು ಬೆಳೆಯುತ್ತದೆ. ಇಷ್ಟಾದರೂ ರನ್‌ವೇಯ ಆರಂಭದಲ್ಲಿ ನೆಲ ಮುಟ್ಟಿದವನಿಗೆ 2,450 ಮೀಟರು ಸಾಕು. ಆರಂಭದಲ್ಲಿ ಮುಟ್ಟದವನ ಗತಿಯೇನು?

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಬೋಯಿಂಗ್ 737 ವಿಮಾನ ಬಜ್ಪೆಯಲ್ಲಿ ರನ್‌ವೇಯ ಸುಮಾರು 1,580 ಮೀಟರು ಕಳೆದ ಮೇಲೆ ನೆಲ ಮುಟ್ಟಿತು. ಬಳಿಕ ಮತ್ತೆ ಮೇಲೇರಲು ಮಾಡಿದ ಯತ್ನ ಫಲಿಸದೆ ಕಣಿವೆಗೆ ಉರುಳಿತು. 158 ಜನ ಮಡಿದರು. ಎಂಟು ಮಂದಿ ಬದುಕಿದರು. ಇಳಿತವನ್ನು ಕೈಬಿಟ್ಟು ಮೇಲೇರಬೇಕೆಂದು ಸಹಚಾಲಕನು ಮೂರು ಬಾರಿ ಎಚ್ಚರಿಸಿದರೂ ಮುಖ್ಯ ಚಾಲಕನು ಇಳಿತವನ್ನು ಮುಂದುವರಿಸಿದುದೇ ಕಾರಣವೆಂದು ವಿಚಾರಣಾ ಸಮಿತಿ ನಿರ್ಣಯಿಸಿತು. ನಿರ್ಣಯ ಸರಿಯೆಂದೇ ನಮ್ಮ ಭಾವನೆ. ಆದರೆ “ಚಾಲಕನ ತಪ್ಪು” ಎಂದು ಕಡತ ಮುಚ್ಚಿಬಿಡುವುದು ವಿಜ್ಞಾನದ ದೃಷ್ಟಿಯಲ್ಲ. ಮನುಷ್ಯನು ತಪ್ಪುವನೆಂಬುದು ಗೊತ್ತಿರುವ ಸಂಗತಿ. ತಪ್ಪಿದ ಮೇಲೆ ನೆಲವೆಷ್ಟು ಉಳಿದಿರಬೇಕೆಂಬುದೇ ಪ್ರಶ್ನೆ.

ನಮ್ಮ ಕಲ್ಪನೆಯ ವಿಮಾನವನ್ನೇ ಅಷ್ಟು ದೂರದಲ್ಲಿ ಇಳಿಸೋಣ. ಉಳಿದ 870 ಮೀಟರುಗಳಲ್ಲಿ ಸೆಕೆಂಡಿಗೆ 2 ಮೀಟರಿನಂತೆ ವೇಗ ತಗ್ಗಿದರೆ, ರನ್‌ವೇಯ ಕೊನೆಯಲ್ಲಿ ಇನ್ನೂ ಸುಮಾರು 41 ಮೀಟರು ವೇಗ ಉಳಿಯುತ್ತದೆ. ಬಜ್ಪೆಯಲ್ಲಿ ಆಗ ಕೊನೆಯಿಂದಾಚೆಗೆ 60 ಮೀಟರಿನ ಪಟ್ಟಿ, ಅದರಾಚೆಗೆ 90 ಮೀಟರಿನ ಸುರಕ್ಷತಾ ನೆಲ ಇದ್ದಿತು. ಆ 150 ಮೀಟರಿನಲ್ಲಿ ನಿಲ್ಲಲು ವೇಗ ಸೆಕೆಂಡಿಗೆ 5.6 ಮೀಟರಿನಂತೆ ತಗ್ಗಬೇಕು. ಬ್ರೇಕಿಗೆ ಅದು ಮೀರಿದ ಕೆಲಸ. ಸುರಕ್ಷತಾ ನೆಲ 240 ಮೀಟರಿದ್ದರೆ 2.8 ಸಾಕು. 90 ಮೀಟರು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕನಿಷ್ಠ ನಿಯಮ; 240 ಅದೇ ಸಂಸ್ಥೆಯ ಶಿಫಾರಸು. ಕನಿಷ್ಠಕ್ಕೂ ಶಿಫಾರಸಿಗೂ ನಡುವಣ ಆ 150 ಮೀಟರನ್ನು ನಮ್ಮ ಕಡೆಯ ಯಾವ ತೋಟದಲ್ಲಾದರೂ ಎರಡು ನಿಮಿಷದಲ್ಲಿ ನಡೆದು ಮುಗಿಸಬಹುದು.

ಇದಕ್ಕೆ ಎದುರು ಮಾತೂ ಇದೆ; ಅದನ್ನು ಮುಚ್ಚಿಡಲಾಗದು. 2020ರ ಆಗಸ್ಟ್ 7ರಂದು ಕೇರಳದ ಕೋಳಿಕ್ಕೋಡಿನ ಗುಡ್ಡದ ನಿಲ್ದಾಣದಲ್ಲಿ, ಮಳೆಯ ರಾತ್ರಿ, ಬೆನ್ನಗಾಳಿಯಲ್ಲಿ ಇಳಿದ ವಿಮಾನ ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ನೆಲ ಮುಟ್ಟಿ, ಕೊನೆಯನ್ನು ದಾಟಿ ಕೆಳಗುರುಳಿತು. ಅಲ್ಲಿ 240 ಮೀಟರಿನ ಸುರಕ್ಷತಾ ನೆಲವಿತ್ತು. ಆದರೂ 21 ಜನರ ಪ್ರಾಣ ಹೋಯಿತು. ಬರಿಯ ನೆಲವೂ ಸಾಲದೆಂದಾಯಿತು. ಅಲ್ಪ ಜಾಗದಲ್ಲಿ ಹೆಚ್ಚು ಶಕ್ತಿಯನ್ನು ಹೀರುವ ಉಪಾಯವೊಂದಿದೆ: ಚಕ್ರದ ಭಾರಕ್ಕೆ ಪುಡಿಯಾಗುವ ಹಗುರವಾದ ಕಾಂಕ್ರೀಟಿನ ಹಾಸು. ಮರಳಿಗಿಳಿದ ಎತ್ತಿನ ಗಾಡಿಯಂತೆ ವಿಮಾನ ಅದರಲ್ಲಿ ಹೂತು ನಿಲ್ಲುತ್ತದೆ. ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ 1999ರಲ್ಲಿಯೇ ಅದು ವಿಮಾನವೊಂದನ್ನು ತಡೆದು ನಿಲ್ಲಿಸಿತು. ವೆಚ್ಚ ಅಧಿಕವೆಂಬುದು ನಿಜ.

ವೆಚ್ಚವಿಲ್ಲದ ದಾರಿಯೂ ಒಂದುಂಟು. ಜಾಗವಿಲ್ಲದ ಕಡೆ ರನ್‌ವೇಯ ಕೊನೆಯ ನೂರೈವತ್ತು ಮೀಟರನ್ನು ಬಳಕೆಯಿಂದ ತೆಗೆದು ಸುರಕ್ಷತಾ ನೆಲಕ್ಕೆ ಸೇರಿಸುವುದು. ಕೋಳಿಕ್ಕೋಡಿನಲ್ಲಿ ಇಂತಹ ಸಲಹೆ ಬಂದಾಗ ವಿರೋಧ ಎದ್ದಿತು, ಏಕೆಂದರೆ ರನ್‌ವೇಯ ಉದ್ದ ಊರಿನ ಪ್ರತಿಷ್ಠೆಯ ಅಳತೆಯಾಗಿದೆ. ದೊಡ್ಡ ವಿಮಾನ ಬಾರದೆ ಹೋದೀತೆಂಬ ಭಯವೂ ಸುಳ್ಳಲ್ಲ. ಆದರೂ ಭಾರ ಕಡಿಮೆ ಮಾಡಿಕೊಂಡು ಹಾರುವುದರಿಂದ ವ್ಯಾಪಾರಕ್ಕೆ ಆಗುವ ನಷ್ಟವನ್ನು ಲೆಕ್ಕ ಹಾಕಬಹುದು. ಕಣಿವೆಯಲ್ಲಿ ಆದ ನಷ್ಟಕ್ಕೆ ಲೆಕ್ಕವಿಲ್ಲ.

ಉತ್ತರ ಕನ್ನಡದ ಅಂಕೋಲೆಯ ಬಳಿ, ಅಲಗೇರಿಯಲ್ಲಿ, ನೌಕಾದಳದ ವಿಮಾನನಿಲ್ದಾಣದೊಡನೆ ನಾಗರಿಕ ನಿಲ್ದಾಣವನ್ನೂ ಕಟ್ಟುವ ಯೋಜನೆಯಿದೆ. ಭೂಮಿ ಬಿಟ್ಟುಕೊಡುವ ರೈತರ ಪರಿಹಾರದ ಚರ್ಚೆ ನ್ಯಾಯವಾಗಿಯೇ ನಡೆದಿದೆ. ಅದರೊಡನೆ, ಅಲ್ಲಿಯ ಕಾಲೇಜು ವಿದ್ಯಾರ್ಥಿಗಳು ನಕ್ಷೆಯನ್ನು ಕೇಳಿ ಪಡೆದು, ರನ್‌ವೇಯ ಎರಡು ತುದಿಗಳಾಚೆಗೆ ಎಷ್ಟು ಮೀಟರು ಬಿಟ್ಟಿದ್ದಾರೆಂದು ಅಳೆದು ನೋಡಬೇಕು. ತೊಂಬತ್ತು ಎಂದು ಕಂಡರೆ, ನೆಲ ಇನ್ನೂ ಕೈಯಲ್ಲಿರುವಾಗಲೇ ತಕರಾರು ಹೂಡಬೇಕು.