ವೈಮಾನಿಕರ ಎರಡು ಗಡಿಯಾರಗಳು

ವಿಮಾನವು ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುತ್ತಾರೆ. ರೆಕ್ಕೆಯ ಆಕಾರ, ಗಾಳಿಯ ಒತ್ತಡ, ಎಂಜಿನಿನ ನೂಕುಬಲ ಇವನ್ನು ಕುರಿತು ಪುಸ್ತಕಗಳಲ್ಲಿ ಬೇಕಾದಷ್ಟು ವಿವರಣೆಯಿದೆ. ಆದರೆ ಅದನ್ನು ನಡೆಸುವ ವೈಮಾನಿಕರು ಯಾವ ವಿಮಾನವನ್ನು, ಯಾವ ಹೊತ್ತಿನಲ್ಲಿ, ಯಾವ ಲೆಕ್ಕದ ಸಂಬಳಕ್ಕೆ ನಡೆಸುತ್ತಾರೆ ಎಂದು ಕೇಳುವವರು ವಿರಳ. ಅದು ಕಚೇರಿಯ ಗುಮಾಸ್ತರಿಗೆ ಸೇರಿದ ವಿಷಯ, ವಿಜ್ಞಾನಕ್ಕೆ ಸೇರಿದ್ದಲ್ಲ ಎಂದು ಹಲವರು ಭಾವಿಸಿಯಾರು. ನಮ್ಮ ಅಭಿಪ್ರಾಯ ಬೇರೆ. ಏನನ್ನು ಅಳೆಯಬೇಕು, ಯಾವ ಮಾನದಿಂದ ಅಳೆಯಬೇಕು ಎಂಬುದು ವಿಜ್ಞಾನದ ಮೊದಲ ಪ್ರಶ್ನೆ. ವೈಮಾನಿಕರ ದುಡಿಮೆಯನ್ನು ಯಾವ ಗಡಿಯಾರದಿಂದ ಅಳೆಯುತ್ತೇವೆ ಎಂಬುದರ ಮೇಲೆ ನೂರಾರು ಪ್ರಯಾಣಿಕರ ಪ್ರಾಣವೂ ನಿಂತಿದೆ. ಈ ವ್ಯವಸ್ಥೆಯು ಬಹಳ ಸ್ಫುಟವಾಗಿ ಬೆಳೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದಕಾರಣ ಅಲ್ಲಿಯ ರೀತಿಯನ್ನು ಮೊದಲು ನೋಡೋಣ.

ಒಂದು ಮೋಟಾರು ಕಾರನ್ನು ನಡೆಸಬಲ್ಲವರು ಇನ್ನೊಂದನ್ನೂ ನಡೆಸಬಲ್ಲರು. ದೊಡ್ಡ ವಿಮಾನಗಳ ವಿಷಯದಲ್ಲಿ ಹಾಗಲ್ಲ. ಅಮೆರಿಕದ ನಿಯಮದಂತೆ 12,500 ಪೌಂಡಿಗೆ, ಎಂದರೆ ಸುಮಾರು 5,700 ಕಿಲೋಗ್ರಾಮಿಗೆ ಮೀರಿದ ತೂಕದ ವಿಮಾನಗಳಿಗೂ ಎಲ್ಲ ಜೆಟ್ ವಿಮಾನಗಳಿಗೂ ಆಯಾ ಮಾದರಿಗೆಂದೇ ಪ್ರತ್ಯೇಕ ಅರ್ಹತೆಯನ್ನು ಪಡೆಯಬೇಕು. ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ಏರ್‌ಬಸ್ 319, 320, 321 ಇವು ಒಂದೇ ಕುಟುಂಬಕ್ಕೆ ಸೇರಿದವಾದ್ದರಿಂದ ಅವುಗಳಿಗೆ ಒಂದೇ ಅರ್ಹತೆ ಸಾಕು. ಬೋಯಿಂಗ್ 757 ಮತ್ತು 767 ಗಾತ್ರದಲ್ಲಿ ಬೇರೆಯಾದರೂ ಅವುಗಳ ಚಾಲಕ ಕೋಣೆಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುವುದರಿಂದ ಅಲ್ಲಿಯೂ ಹಾಗೆಯೇ. ಆದರೆ 737ನ್ನು ಬಿಟ್ಟು 777ಕ್ಕೆ ಹೋಗಬೇಕಾದರೆ ವಾರಗಟ್ಟಲೆ ತರಗತಿಯಲ್ಲಿ ಕುಳಿತು, ನೆಲದ ಮೇಲಿನ ಸಿಮ್ಯುಲೇಟರ್ ಯಂತ್ರದಲ್ಲಿ ಅಭ್ಯಾಸ ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದುದರಿಂದ ಇಂದು ಒಂದು, ನಾಳೆ ಮತ್ತೊಂದು ಎಂದು ವಿಮಾನವನ್ನು ಬದಲಾಯಿಸುವಂತಿಲ್ಲ.

ಹಾಗಾದರೆ ಯಾವ ವಿಮಾನ ಯಾರಿಗೆ? ಇದಕ್ಕೆ ಉತ್ತರ ಒಂದೇ ಒಂದು ಸಂಖ್ಯೆ. ಕೆಲಸಕ್ಕೆ ಸೇರಿದ ದಿನದ ಆಧಾರದ ಮೇಲೆ ಪ್ರತಿಯೊಬ್ಬರಿಗೂ ಸೇವಾ ಹಿರಿತನದ ಕ್ರಮಸಂಖ್ಯೆಯೊಂದು ದೊರೆಯುತ್ತದೆ. ಮೇಲಿನವರು 65ನೆಯ ವಯಸ್ಸಿಗೆ ನಿವೃತ್ತರಾದಂತೆಲ್ಲ ಕೆಳಗಿನವರು ಮೇಲೇರುತ್ತಾರೆ. ಸ್ಥಾನ ತೆರವಾದಾಗ ಯಾವ ಊರು, ಯಾವ ವಿಮಾನ, ಕ್ಯಾಪ್ಟನ್ ಪದವಿಯೋ ಸಹಚಾಲಕ ಪದವಿಯೋ ಎಂಬುದಕ್ಕೆ ಕೋರಿಕೆ ಸಲ್ಲಿಸುತ್ತಾರೆ. ಹಿರಿಯರ ಕೋರಿಕೆಗೆ ಮೊದಲ ಮನ್ನಣೆ. ಪ್ರತಿ ತಿಂಗಳ ಹಾರಾಟದ ಪಟ್ಟಿಯೂ ಹೀಗೆಯೇ ಸಿದ್ಧವಾಗುತ್ತದೆ. ಭಾನುವಾರ ಬಿಡುವು ಬೇಕು, ರಾತ್ರಿಯ ಹಾರಾಟ ಬೇಡ ಎಂದು ಎಲ್ಲರೂ ಬರೆದುಕೊಡುತ್ತಾರೆ. ಕಂಪ್ಯೂಟರು ಹಿರಿತನದ ಕ್ರಮದಲ್ಲಿ ಹಂಚುತ್ತದೆ. ಕಟ್ಟಕಡೆಯವರಿಗೆ ನಿಗದಿಯಾದ ಹಾರಾಟವೇ ಇಲ್ಲದೆ ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ. ದೂರವಾಣಿಯ ಕರೆ ಬಂದಾಗ ಅವರು ಹೊರಡಬೇಕು.

ಇಲ್ಲಿಯೇ ಸ್ವಾರಸ್ಯವಾದ ಒಂದು ಇಕ್ಕಟ್ಟಿದೆ. ದೊಡ್ಡ ವಿಮಾನಕ್ಕೆ ಸಾಮಾನ್ಯವಾಗಿ ಹೆಚ್ಚು ಸಂಬಳ. ಆದರೆ ಅಲ್ಲಿ ಹಿರಿಯರ ದಂಡೇ ನೆರೆದಿರುವುದರಿಂದ ಹೊಸದಾಗಿ ಹೋದವರು ಆ ಪಟ್ಟಿಯ ಬುಡಕ್ಕೆ ಸೇರುತ್ತಾರೆ. ಚಿಕ್ಕ ವಿಮಾನದಲ್ಲಿಯೇ ಉಳಿದವರಿಗೆ ಹಣ ಕಡಿಮೆಯಾದರೂ ಹಬ್ಬದ ದಿನ ಮನೆಯಲ್ಲಿರುವ ಭಾಗ್ಯ ದೊರೆಯಬಹುದು. ಹಣ ಬೇಕೋ, ಹೊತ್ತು ಬೇಕೋ ಎಂಬುದನ್ನು ಅವರವರೇ ತೂಗಿ ನೋಡಬೇಕು.

ಇನ್ನು ಸಂಬಳದ ವಿಚಾರ. 1930ರ ದಶಕದ ಆರಂಭದಲ್ಲಿ ಬೋಯಿಂಗ್ 247ರಂತಹ ವೇಗವಾದ ವಿಮಾನಗಳು ಬಂದಾಗ ಒಂದು ಸಮಸ್ಯೆ ತಲೆದೋರಿತು. 800 ಮೈಲಿಯ ದಾರಿಯನ್ನು ಗಂಟೆಗೆ 100 ಮೈಲಿಯಂತೆ ಕ್ರಮಿಸಲು 8 ಗಂಟೆ ಬೇಕು. ವೇಗ ಇಮ್ಮಡಿಯಾದರೆ 4 ಗಂಟೆ ಸಾಕು. ಗಂಟೆಯ ಲೆಕ್ಕದಲ್ಲಿಯೇ ಸಂಬಳವಾದರೆ ಅದೇ ದಾರಿಗೆ ವೈಮಾನಿಕರಿಗೆ ಅರ್ಧ ಹಣ! ಮೈಲಿಯ ಲೆಕ್ಕವನ್ನಷ್ಟೇ ಹಿಡಿದರೆ ಎದುರುಗಾಳಿಯಲ್ಲಿ ತೆವಳಿದ ದಿನ ಹೆಚ್ಚು ದುಡಿದರೂ ಹಣ ಹೆಚ್ಚದು. ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಮಂಡಲಿಯು 1934ರಲ್ಲಿ ಕೊಟ್ಟ ತೀರ್ಪು ಮೂಲವೇತನ, ವಿಮಾನದ ವೇಗಕ್ಕೆ ತಕ್ಕ ಗಂಟೆಯ ದರ, ಮೈಲಿಯ ದರ ಈ ಮೂರನ್ನೂ ಕೂಡಿಸಿತು. ತಿಂಗಳಿಗೆ 85 ಗಂಟೆಯ ಮಿತಿಯನ್ನೂ ವಿಧಿಸಿತು. ಮುಂದೆ ವಿಮಾನದ ತೂಕವೂ ಲೆಕ್ಕಕ್ಕೆ ಸೇರಿತು. ದೊಡ್ಡ ವಿಮಾನಕ್ಕೆ ಇಂದಿಗೂ ಹೆಚ್ಚು ದರವಿರುವುದರ ಮೂಲ ಇಲ್ಲಿದೆ.

ಈಗ ರೂಢಿಯಲ್ಲಿರುವ ಮಾನ 'ಬ್ಲಾಕ್ ಗಂಟೆ'. ಚಕ್ರಗಳಿಗೆ ಕೊಟ್ಟ ಅಡೆಯನ್ನು ತೆಗೆದು ವಿಮಾನವು ಕದಲಿದಾಗಿನಿಂದ, ಇನ್ನೊಂದು ನಿಲ್ದಾಣದಲ್ಲಿ ನಿಂತು ಮತ್ತೆ ಅಡೆ ಕೊಡುವವರೆಗಿನ ಕಾಲವೇ ಬ್ಲಾಕ್ ಕಾಲ. ಹವಾಮಾನದ ವರದಿಯನ್ನು ಓದುವುದು, ಇಂಧನದ ಲೆಕ್ಕ ಹಾಕುವುದು, ವಿಮಾನವನ್ನು ಸುತ್ತಿ ಪರೀಕ್ಷಿಸುವುದು, ಎರಡು ಹಾರಾಟಗಳ ನಡುವೆ ಮೂರು ಗಂಟೆ ಕಾಯುವುದು ಇವಾವುವೂ ಇದರಲ್ಲಿ ಸೇರುವುದಿಲ್ಲ. ಈ ಕೊರತೆಯನ್ನು ತುಂಬಲು ಒಪ್ಪಂದಗಳಲ್ಲಿ ಹಲವು ಉಪಾಯಗಳಿವೆ. ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಖಚಿತ ಎಂಬುದು ಒಂದು. ಎರಡು ಗಂಟೆಯ ಕರ್ತವ್ಯಕ್ಕೆ ಕನಿಷ್ಠ ಒಂದು ಗಂಟೆಯ ಸಂಬಳ ಎಂಬಂತಹ ಪ್ರಮಾಣ ಇನ್ನೊಂದು.

ಸೇವಾ ಹಿರಿತನದ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಕುರುಡು ನಿಯಮವೆಂದು ತೋರಬಹುದು. ಅದರ ಕುರುಡುತನವೇ ಅದರ ಗುಣ. ಮೇಲಧಿಕಾರಿಗಳ ಕೃಪೆಯಿಂದ ಒಳ್ಳೆಯ ಹಾರಾಟಗಳು ದೊರೆಯುವಂತಿದ್ದರೆ, ಮಂಜು ಕವಿದ ಮುಂಜಾನೆ "ಇಂದು ಹೊರಡಲಾಗದು" ಎನ್ನುವ ಧೈರ್ಯ ಎಷ್ಟು ಜನರಿಗಿದ್ದೀತು? ಕ್ರಮಸಂಖ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು ಎಂಬ ನಂಬಿಕೆಯೇ ಕ್ಯಾಪ್ಟನ್ನರ ಸ್ವಾತಂತ್ರ್ಯಕ್ಕೆ ಆಸರೆ. ಆದರೆ ಹಿರಿತನವು ಕೆಲಸವನ್ನು ಹಂಚಬಲ್ಲದೇ ಹೊರತು ಆಯಾಸವನ್ನು ಅಳೆಯಲಾರದು. ಬ್ಲಾಕ್ ಗಂಟೆಯೂ ಅಷ್ಟೆ: ಅದು ಯಂತ್ರದ ಚಲನೆಯನ್ನು ಅಳೆಯುತ್ತದೆ, ಮನುಷ್ಯನ ಎಚ್ಚರವನ್ನಲ್ಲ.

ಮನುಷ್ಯನೊಳಗೆ ಬೇರೊಂದು ಗಡಿಯಾರವಿದೆ. ಜೀವಕೋಶಗಳಲ್ಲಿ ಅದು ನಡೆಯುವ ಬಗೆಯನ್ನು ಶೋಧಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸರಿರಾತ್ರಿ ಕಳೆದ ಮೇಲೆ, ಸುಮಾರು 2ರಿಂದ 6 ಗಂಟೆಯವರೆಗೆ, ಈ ಗಡಿಯಾರವು ದೇಹವನ್ನು ನಿದ್ರೆಯತ್ತ ಎಳೆಯುತ್ತದೆ. ಮೈಯ ಶಾಖ ಇಳಿಯುತ್ತದೆ, ಗಮನ ಕುಗ್ಗುತ್ತದೆ. 17 ಗಂಟೆ ಎಚ್ಚರವಾಗಿದ್ದವರ ಕೈಚಳಕವು ರಕ್ತದಲ್ಲಿ ಶೇಕಡ 0.05 ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಸಂಬಳದ ಲೆಕ್ಕದಲ್ಲಿ ಬೆಳಗಿನ ಹತ್ತರ ಒಂದು ಗಂಟೆಯೂ ರಾತ್ರಿ ನಾಲ್ಕರ ಒಂದು ಗಂಟೆಯೂ ಸಮವಾಗಿರಬಹುದು. ದೇಹದ ಲೆಕ್ಕದಲ್ಲಿ ಸಮವಲ್ಲ.

12 ಫೆಬ್ರವರಿ 2009ರ ರಾತ್ರಿ ನ್ಯೂಯಾರ್ಕ್ ಸಂಸ್ಥಾನದ ಬಫಲೋ ನಗರದ ಬಳಿ ಕೋಲ್ಗನ್ ಸಂಸ್ಥೆಯ ವಿಮಾನವೊಂದು ಬಿದ್ದು ಅದರಲ್ಲಿದ್ದ 49 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಮಡಿದರು. ಅಪಾಯದ ಸೂಚನೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆಯು ತೀರ್ಮಾನಿಸಿತು. ಆಯಾಸವು ಇಬ್ಬರು ವೈಮಾನಿಕರನ್ನೂ ಕುಗ್ಗಿಸಿದ್ದಿರಬೇಕು, ಎಷ್ಟರಮಟ್ಟಿಗೆಂದು ಖಚಿತವಾಗಿ ಹೇಳಲಾಗದು ಎಂದೂ ಹೇಳಿತು. ಸಹಚಾಲಕಿಯು ಹಿಂದಿನ ರಾತ್ರಿಯೆಲ್ಲ ದೇಶದ ಪಶ್ಚಿಮ ತುದಿಯ ಸಿಯಾಟಲ್‌ನಿಂದ ಪೂರ್ವ ತೀರದ ನ್ಯೂಆರ್ಕಿಗೆ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಆ ರಾತ್ರಿ ಯಾವ ಬ್ಲಾಕ್ ಗಂಟೆಯ ಲೆಕ್ಕದಲ್ಲಿಯೂ ಇಲ್ಲ.

ನಮ್ಮ ನಾಡಿನ ದುರಂತವನ್ನು ನಾವು ಮರೆಯುವಂತಿಲ್ಲ. 22 ಮೇ 2010ರಂದು ಬೆಳಗಿನ ಜಾವ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಓಡುದಾರಿಯನ್ನು ದಾಟಿ ಕಂದಕಕ್ಕುರುಳಿ 158 ಜನ ಸತ್ತರು. ಇಳಿಯುವ ಯತ್ನವನ್ನು ಕೈಬಿಡಬೇಕೆಂದು ಸಹಚಾಲಕರು ಎಚ್ಚರಿಸಿದರೂ ಕ್ಯಾಪ್ಟನ್ ಮುಂದುವರಿದದ್ದೇ ಕಾರಣವೆಂದು ವಿಚಾರಣಾ ನ್ಯಾಯಾಲಯವು ಕಂಡುಕೊಂಡಿತು. ಅವರು ಹಾರಾಟದಲ್ಲಿ ಬಹಳ ಹೊತ್ತು ನಿದ್ರಿಸಿ, ಇಳಿಯುವುದಕ್ಕೆ ಸ್ವಲ್ಪ ಮುಂಚೆ ಎಚ್ಚತ್ತಿದ್ದರು. ನಿದ್ರೆಯ ಜಡತೆಯು ಅವರ ವಿವೇಚನೆಯನ್ನು ಮಂಕಾಗಿಸಿರಬಹುದೆಂದು ವರದಿ ಹೇಳಿತು. ಹಾರಾಟಕ್ಕೆ ಮೊದಲು ಅವರಿಗೆ ಸಾಕಷ್ಟು ವಿಶ್ರಾಂತಿಯ ಅವಕಾಶವಿತ್ತು ಎಂಬುದನ್ನೂ ಅದೇ ವರದಿ ದಾಖಲಿಸಿದೆ. ಪುಸ್ತಕದ ಲೆಕ್ಕ ಸರಿಯಾಗಿತ್ತು. ದೇಹದ ಗಡಿಯಾರ ಬೇರೆ ಹೊತ್ತನ್ನು ತೋರಿಸುತ್ತಿತ್ತು.

ಕೋಲ್ಗನ್ ದುರಂತದ ಬಳಿಕ ಅಮೆರಿಕವು ರೂಪಿಸಿ 2014ರ ಜನವರಿಯಲ್ಲಿ ಜಾರಿಗೆ ತಂದ ನಿಯಮವು ಈ ಎರಡನೆಯ ಗಡಿಯಾರಕ್ಕೆ ಮನ್ನಣೆಯಿತ್ತಿತು. ಇಬ್ಬರೇ ವೈಮಾನಿಕರಿರುವಾಗ ಕರ್ತವ್ಯದ ಮಿತಿಯು 9ರಿಂದ 14 ಗಂಟೆಯವರೆಗೆ ಬದಲಾಗುತ್ತದೆ. ನಡುರಾತ್ರಿ ಕೆಲಸ ಆರಂಭಿಸಿದವರಿಗೆ ಕಡಿಮೆ, ಬೆಳಿಗ್ಗೆ ಆರಂಭಿಸಿದವರಿಗೆ ಹೆಚ್ಚು. ಕೆಲಸಕ್ಕೆ ಮೊದಲು 10 ಗಂಟೆಯ ವಿಶ್ರಾಂತಿ, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದ ನಿದ್ರೆಯ ಅವಕಾಶ ಕಡ್ಡಾಯ. ಆದರೆ ಸರಕು ವಿಮಾನಗಳಿಗೆ ಈ ನಿಯಮವನ್ನು ಕಡ್ಡಾಯಗೊಳಿಸಲಿಲ್ಲ. ಸರಕು ಸಾಗಿಸುವವರಿಗೆ ನಿದ್ರೆ ಕಡಿಮೆ ಸಾಕೆಂದು ಯಾವ ಶರೀರಶಾಸ್ತ್ರವೂ ಹೇಳುವುದಿಲ್ಲ. ಇದು ಖರ್ಚಿನ ಲೆಕ್ಕವೇ ಹೊರತು ವಿಜ್ಞಾನವಲ್ಲ.

ಭಾರತವೂ 2024ರಲ್ಲಿ ನಿಯಮಗಳನ್ನು ಪರಿಷ್ಕರಿಸಿತು. ವಾರದ ವಿಶ್ರಾಂತಿಯು 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿಯ ವ್ಯಾಪ್ತಿಯು ಬೆಳಗಿನ 6 ಗಂಟೆಯವರೆಗೆ ಹಿಗ್ಗಿತು. ರಾತ್ರಿಯಲ್ಲಿ 6 ಬಾರಿ ಇಳಿಯಬಹುದಾಗಿದ್ದುದು 2 ಬಾರಿಗೆ ತಗ್ಗಿತು. 1 ನವೆಂಬರ್ 2025ರಂದು ಎರಡನೆಯ ಹಂತವು ಜಾರಿಗೆ ಬಂದ ಮೇಲೆ, ಡಿಸೆಂಬರಿನಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾದವು. ಅದಕ್ಕೆ ತಾತ್ಕಾಲಿಕ ವಿನಾಯಿತಿಯನ್ನೂ ನೀಡಬೇಕಾಯಿತು. ಬೆಂಗಳೂರಿನ ನಿಲ್ದಾಣದಲ್ಲಿ ಸಿಕ್ಕಿಕೊಂಡ ಪ್ರಯಾಣಿಕರ ಕೋಪ ಸಹಜವಾದದ್ದೇ. ಆದರೆ ನಿಯಮವೇ ತಪ್ಪೆಂದು ಹೇಳಿದವರ ಮಾತನ್ನು ನಾವು ಒಪ್ಪಲಾರೆವು. ಜ್ವರವನ್ನು ತೋರಿಸಿತೆಂದು ಉಷ್ಣಮಾಪಕವನ್ನು ಒಡೆಯುವುದುಂಟೇ? ಹೊಸ ನಿಯಮಕ್ಕೆ ತಕ್ಕಷ್ಟು ವೈಮಾನಿಕರನ್ನು ಮೊದಲೇ ಸಿದ್ಧಗೊಳಿಸುವುದು ಸಂಸ್ಥೆಗಳ ಹೊಣೆ.

ಇದರಿಂದ ಟಿಕೀಟಿನ ಬೆಲೆ ಏರೀತು ಎನ್ನುವರು. ಸ್ವಲ್ಪ ಏರಬಹುದು. ಎಂಜಿನಿನ ಶಾಖಕ್ಕೂ ರೆಕ್ಕೆಯ ಭಾರಕ್ಕೂ ಮಿತಿಯಿಟ್ಟು, ಆ ಮಿತಿಯೊಳಗೆ ಉಳಿಯುವ ಖರ್ಚನ್ನು ಗೊಣಗದೆ ತೆರುವ ನಾವು ಚಾಲಕರ ಮಿದುಳಿಗೆ ಮಾತ್ರ ಚೌಕಾಸಿ ಮಾಡುವುದು ನ್ಯಾಯವಲ್ಲ. ಊರು, ವಿಮಾನ, ಹಬ್ಬದ ರಜೆ ಇವುಗಳನ್ನು ಹಿರಿತನವೇ ಹಂಚಲಿ. ಹಣವನ್ನು ಬ್ಲಾಕ್ ಗಂಟೆಯೇ ಎಣಿಸಲಿ. ನಿದ್ರೆಯ ಮಿತಿಯನ್ನು ಮಾತ್ರ ಹಿರಿತನಕ್ಕೂ ಹಣಕ್ಕೂ ಒಪ್ಪಿಸಕೂಡದು. ಆಯಾಸವಾಗಿದೆಯೆಂದು ಮುಂಚಿತವಾಗಿ ತಿಳಿಸಿದ ವೈಮಾನಿಕರಿಗೆ ಆ ದಿನದ ಸಂಬಳ ತಪ್ಪಬಾರದು; ತಪ್ಪುವುದಾದರೆ ಹೇಳುವವರು ಯಾರು?

ಈ ಪುಟವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ವೈಮಾನಿಕರಾಗಬಹುದು. ಹಲವರು ಎಂಜಿನಿಯರು, ವೈದ್ಯ, ಆಡಳಿತಗಾರರಾಗಿ ಇತರರ ದುಡಿಮೆಯ ವೇಳಾಪಟ್ಟಿಯನ್ನು ಬರೆಯುವವರಾಗಬಹುದು. ಆಸ್ಪತ್ರೆಯ ದಾದಿಯರಿಗೂ ರಾತ್ರಿಯ ಬಸ್ಸು ಚಾಲಕರಿಗೂ ಇದೇ ಮಾತು ಸಲ್ಲುತ್ತದೆ. ನಿಮ್ಮ ಮುಂದೆ ಗಂಟೆಗಳ ಪಟ್ಟಿಯೊಂದು ಬಂದಾಗ ಒಟ್ಟು ಮೊತ್ತವನ್ನಷ್ಟೇ ನೋಡಿ ಸಹಿ ಹಾಕಬೇಡಿ. ಆ ಗಂಟೆಗಳು ದಿನದ ಯಾವ ಹೊತ್ತಿನವು, ಅವುಗಳಿಗೆ ಮುಂಚೆ ಆ ಮನುಷ್ಯರು ಎಷ್ಟು ನಿದ್ರಿಸಿದ್ದರು ಎಂದು ಕೇಳಿರಿ.