ಗಾಳವೂ ಆಯುಧವೇ, ಗೋರೆಗಾಂವ್‌ನ ಬಂಧುಗಳೇ!

ಗೋರೆಗಾಂವ್ ಪೂರ್ವ, ಪಶ್ಚಿಮ ಎರಡೂ ಬದಿಯ ಕನ್ನಡಿಗರ ಗಮನಕ್ಕೆ. ಊರು ಉಡುಪಿಯಾಗಲಿ, ಕುಂದಾಪುರವಾಗಲಿ, ಕಾಸರಗೋಡಾಗಲಿ, ಬಿಜಾಪುರವಾಗಲಿ, ಎಲ್ಲರೂ ಓದಿ. ಐದು ನಿಮಿಷ ಸಾಕು. ಒಂದು ಲೋಕಲ್ ತಪ್ಪಿದರೆ ಅಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತೇ ಇರುತ್ತೀರಿ.

ಭಾನುವಾರ ಬೆಳಗಿನ ಜಾವ ಐದೂವರೆ. ಸೊಸೈಟಿಯ ಗೇಟಿನಲ್ಲಿ ಎರಡು ಕಾರು. ಡಿಕ್ಕಿಯಲ್ಲಿ ಮಡಚುವ ಕುರ್ಚಿ, ಐಸಿನ ಪೆಟ್ಟಿಗೆ, ಹಿಂದಿನ ರಾತ್ರಿಯೇ ಮಾರ್ಕೆಟ್ಟಿನಿಂದ ತಂದಿಟ್ಟ ಸಿಗಡಿ. ಸಿಗಡಿ ಯಾರೂ ತಿನ್ನಲಿಕ್ಕಲ್ಲ, ಗಾಳಕ್ಕೆ ಸಿಕ್ಕಿಸಲಿಕ್ಕೆ. ಎಲ್ಲಿಗೆ ಅಂತ ವಾಚ್‌ಮನ್ ಕೇಳಿದರೆ ಉತ್ತರ: "ಐರೋಲಿ ಬದಿಗೆ, ಸುಮ್ನೆ ಟೈಮ್‌ಪಾಸ್." ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಮೀನನ್ನು ಕ್ಯಾಮೆರಾದ ಮೂತಿಗೇ ಹಿಡಿದದ್ದರಿಂದ ಗೇಣುದ್ದದ್ದು ಮೊಳದುದ್ದ ಕಾಣುತ್ತಿತ್ತು. ಕೆಳಗೆ ಹೆಬ್ಬೆರಳುಗಳ ಸಾಲು. "ನಮಗೂ ಒಂದು ತುಂಡು ಕಳಿಸಿ ಮಾರಾಯ್ರೆ" ಎಂದು ಬರೆದು ಹೆಬ್ಬೆರಳು ಒತ್ತಿದವರಲ್ಲಿ ಈ ಕರಪತ್ರ ಬರೆದ ನಾನೂ ಒಬ್ಬ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಮೇಲೆ ಕಾನೂನು ಓದಿದೆ. ಓದಿದ ಮೇಲೆ ಆ ಹೆಬ್ಬೆರಳನ್ನು ಅಳಿಸಿದೆ.

ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವೆ ಠಾಣೆ ಖಾರಿಯ ಪಶ್ಚಿಮ ದಡಕ್ಕೆ ಅಂಟಿಕೊಂಡ ನೀರು, ಕೆಸರು, ಕಾಂಡ್ಲಾ ಕಾಡು 2015ರ ಆಗಸ್ಟಿನಿಂದ ಫ್ಲೆಮಿಂಗೊ ಅಭಯಾರಣ್ಯ. ಸುಮಾರು 1,690 ಹೆಕ್ಟೇರು. ಇದರಲ್ಲಿ 896 ಹೆಕ್ಟೇರು ಕಾಂಡ್ಲಾ, ಉಳಿದದ್ದು ನೀರು. ಮಾಲವಣದ ನಂತರ ಮಹಾರಾಷ್ಟ್ರದ ಎರಡನೆಯ ಕಡಲ ಅಭಯಾರಣ್ಯ ಇದು. 2022ರಲ್ಲಿ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಜೋಗೇಶ್ವರಿ–ವಿಕ್ರೋಳಿ ಲಿಂಕ್ ರೋಡಿನಲ್ಲಿ ಟ್ರಾಫಿಕ್ ಇಲ್ಲದ ಭಾನುವಾರ ನಮಗೆ ಅದು ದೂರವೇ ಅಲ್ಲ. ಹತ್ತಿರ ಇರುವುದೇ ಕಷ್ಟಕ್ಕೆ ಕಾರಣ. ಕಾಡು ಎಂದರೆ ನಮ್ಮವರಿಗೆ ಮರ, ಹುಲಿ, ಗೇಟು, ಟಿಕೆಟ್ಟು ನೆನಪಾಗುತ್ತದೆ. ಉಪ್ಪುನೀರಿಗೂ ಕೆಸರಿಗೂ ಬೇಲಿ ಇರಬಹುದು ಎಂದು ತೋಚುವುದೇ ಇಲ್ಲ.

ಬೇಲಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪುಸ್ತಕದಲ್ಲಿದೆ.

ಆ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ 'ಆಯುಧ' ಎಂದರೇನು ಎಂದು ಒಂದು ಪಟ್ಟಿ ಕೊಟ್ಟಿದ್ದಾರೆ. ಬಂದೂಕು, ಮದ್ದುಗುಂಡು, ಬಿಲ್ಲು-ಬಾಣ, ಸ್ಫೋಟಕ, ಚಾಕು, ವಿಷ, ಉರುಳು. ಇವೆಲ್ಲ ಸರಿ. ಅದೇ ಸಾಲಿನಲ್ಲಿ ಗಾಳ, ಬಲೆ. ಹೌದು, ಗಾಳ. ನಮ್ಮ ಅಜ್ಜ ಸೀತಾನದಿಯ ಬದಿಯಲ್ಲಿ ಕೂತು ಕಾಣೆ ಮೀನು ಹಿಡಿಯುತ್ತಿದ್ದ ಆ ಬಗ್ಗಿದ ಮೊಳೆ ಸರಕಾರದ ಕಣ್ಣಿಗೆ ಬಂದೂಕಿನ ತಮ್ಮ. 31ನೇ ಸೆಕ್ಷನ್ ಹೇಳುತ್ತದೆ: ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಯಾರೂ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಅಂದಮೇಲೆ ಮೀನು ಕಚ್ಚಬೇಕೆಂದೇನೂ ಇಲ್ಲ, ದಾರ ನೀರಿಗೆ ಬೀಳಬೇಕೆಂದೂ ಇಲ್ಲ. ಗಾಳದ ಕೋಲು ಹೆಗಲಿಗೇರಿಸಿ ಗಡಿ ದಾಟಿದಿರೋ, ಅಪರಾಧ ಅಲ್ಲಿಗೇ ಪೂರ್ತಿಯಾಯಿತು. "ಏನೂ ಸಿಗಲಿಲ್ಲ ಸಾರ್, ಬುಟ್ಟಿ ನೋಡಿ" ಎನ್ನುವುದು ವಾದವೇ ಅಲ್ಲ.

ಅನುಮತಿ ಕೇಳಿಯೇ ಹೋಗೋಣ ಎನ್ನುತ್ತೀರಾ? 28ನೇ ಸೆಕ್ಷನ್ನಿನಲ್ಲಿ ಪರ್ಮಿಟ್ ಕೊಡಲು ಐದು ಕಾರಣ ಇವೆ: ವನ್ಯಜೀವಿಗಳ ಅಧ್ಯಯನ, ಛಾಯಾಚಿತ್ರ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರ. ಆರನೆಯದಾಗಿ 'ಭಾನುವಾರದ ಬೇಸರ' ಇಲ್ಲ. ಹಾಗೆಂದು ಸೇತುವೆಯ ಮೇಲೆ ಗಾಡಿ ಓಡಿಸಲು ಹೆದರಬೇಕಾಗಿಲ್ಲ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಕಾಯ್ದೆಯೇ ಬಿಟ್ಟಿದೆ. ಗಾಡಿ ನಿಲ್ಲಿಸಿ ಕೆಳಗಿಳಿಯುವುದು ಬೇರೆ ಮಾತು.

ಇನ್ನು ದಂಡ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಮ್ಮಲ್ಲಿ ತಿರುಗಾಡುತ್ತಿರುವ ಮಾತು "ಸಿಕ್ಕಿಬಿದ್ದರೆ ಐನೂರು ಕೊಟ್ಟರಾಯ್ತು" ಎಂಬುದು.

51ನೇ ಸೆಕ್ಷನ್ನಿನ ಪ್ರಕಾರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ದಂಡದ ಮಿತಿ ಮೊದಲು 25,000 ರೂಪಾಯಿ ಇತ್ತು. 2022ರ ತಿದ್ದುಪಡಿ ಅದನ್ನು 1 ಲಕ್ಷಕ್ಕೆ ಏರಿಸಿತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಾಳಕ್ಕೆ ಬಿದ್ದದ್ದು ಮೊದಲ ಅನುಸೂಚಿಯ ಜೀವಿಯಾಗಿದ್ದರೆ, ಅಂದರೆ ಕಡಲಾಮೆಯೋ ಗರಗಸ ಮೀನೋ ಆಗಿದ್ದರೆ, ಲೆಕ್ಕವೇ ಬೇರೆ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000ಕ್ಕೆ ಕಡಿಮೆಯಿಲ್ಲದ ದಂಡ. ಇಲ್ಲಿ 'ಅಥವಾ' ಇಲ್ಲ. ಮತ್ತೆ ಗಾಳಕ್ಕೆ ಅನುಸೂಚಿ ಓದಲು ಬರುವುದಿಲ್ಲ. ಯಾವ ಮೀನಿಗೆಂದು ಎಸೆದಿರಿ ಎನ್ನುವುದು ನಿಮಗೆ ಗೊತ್ತು, ಯಾವುದು ಬಂದು ನುಂಗುತ್ತದೆ ಎನ್ನುವುದು ನೀರಿಗೆ ಮಾತ್ರ ಗೊತ್ತು.

39ನೇ ಸೆಕ್ಷನ್ನನ್ನು ಕಾರಿನ ಸಾಲ ಇನ್ನೂ ತೀರಿಸುತ್ತಿರುವವರು ಎರಡು ಸಲ ಓದಬೇಕು. ಅಪರಾಧಕ್ಕೆ ಬಳಸಿ, ಜಪ್ತಿಯಾದ ವಾಹನ, ದೋಣಿ, ಆಯುಧ, ಬಲೆ, ಉಪಕರಣ ಸರಕಾರದ ಸೊತ್ತು. ಕೋಲು ಹೋದರೆ ಹೋಗಲಿ ಎನ್ನಬಹುದು. ಕಾರಿನ ಕಂತು ಯಾರು ಕಟ್ಟುತ್ತಾರೆ?

"ಗೇಣುದ್ದದ ಮೀನಿಗೆ ಇಷ್ಟೆಲ್ಲ ಯಾಕೆ?" ಇದನ್ನು ನನ್ನ ಹತ್ತಿರ ಕೇಳಿದವರು ಬಹಳ ಜನ. ನಾನೂ ಕೇಳಿಕೊಂಡೆ. ಮೀನಿನ ಬೆಲೆಗೆ ಹಾಕಿದ ದಂಡ ಇದಾಗಿದ್ದರೆ ಖಂಡಿತ ಹೆಚ್ಚಾಯಿತು. ಆದರೆ ಒಂದು ಬೆಳಿಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಅದು ಐರೋಲಿಯಲ್ಲಿ ಅಲ್ಲ, ಇಲ್ಲೇ, ಪಶ್ಚಿಮ ಬದಿಯ ಲಿಂಕ್ ರೋಡಿನ ಆಚೆ ಮಾಲಾಡ್ ಖಾರಿಯ ಅಂಚಿನಲ್ಲಿ. ಇಳಿತದ ಹೊತ್ತು. ಕೆಸರಿನಲ್ಲಿ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಲ್ಲುವುದೇನೂ ಹೊಸತಲ್ಲ, ಅದರ ಧ್ಯಾನದ ಬಗ್ಗೆ ನಮ್ಮಲ್ಲಿ ಗಾದೆಗಳೇ ಇವೆ. ಇದು ಮಾತ್ರ ಇನ್ನೊಂದು ಕಾಲನ್ನು ಇಳಿಸಲಾರದೆ ನಿಂತಿತ್ತು. ಆ ಕಾಲಿಗೆ ಸುತ್ತಿಕೊಂಡ ನೈಲಾನ್ ದಾರ, ಇಲ್ಲಿನ ಕೋಳಿ ಮೀನುಗಾರರ ಬಾಯಲ್ಲಿ ತಂಗೂಸ್, ಕಾಂಡ್ಲಾದ ಉಸಿರುಬೇರುಗಳಿಗೆ ಸಿಕ್ಕಿಕೊಂಡಿತ್ತು. ದಾರ ಬಿಗಿದ ಜಾಗದಲ್ಲಿ ಕಾಲು ಬಾತು, ಚರ್ಮ ದಾರದ ಮೇಲೆಯೇ ಮುಚ್ಚಿಕೊಳ್ಳುತ್ತಾ ಬಂದಿತ್ತು. ಅದು ಕೊಕ್ಕಿನಿಂದ ದಾರ ಎಳೆಯುವುದು, ಎಳೆದಾಗ ನೋವಾಗಿ ರೆಕ್ಕೆ ಬಡಿಯುವುದು, ಬಡಿದಾಗ ದಾರ ಇನ್ನಷ್ಟು ಬಿಗಿಯುವುದು. ನಾವು ಮೂವರು ಇದ್ದೆವು, ಮೊಣಕಾಲವರೆಗೆ ಕೆಸರಿಗಿಳಿದೆವು, ಮುಂದೆ ಹೋಗಲಾಗಲಿಲ್ಲ. ಆಮೇಲೆ ಭರತ ಏರಿತು.

ಆ ದಾರ ಬಿಟ್ಟುಹೋದವನು ಕೆಟ್ಟವನಿರಲಿಕ್ಕಿಲ್ಲ. ಗಾಳ ಬೇರಿಗೆ ಸಿಕ್ಕಿದಾಗ ದಾರ ಕತ್ತರಿಸಿ ಮನೆಗೆ ಹೋಗಿದ್ದಾನೆ, ಅಷ್ಟೆ. ನಾನೂ ಹುಡುಗನಾಗಿದ್ದಾಗ ಎಷ್ಟು ಸಲ ಹಾಗೆ ಕತ್ತರಿಸಿದ್ದೇನೋ. ಆದರೆ ಒಂದು ಪುಟ್ಟ ನದಿಯ ಬದಿಯ ನಾಲ್ಕು ಹುಡುಗರಿಗೂ, ಮುಂಬಯಿಯಂಥ ಶಹರದಿಂದ ರಜೆಯ ದಿನ ಖಾರಿಯ ದಂಡೆಗೆ ಬಂದು ನಿಲ್ಲಬಹುದಾದವರಿಗೂ ವ್ಯತ್ಯಾಸ ಇದೆಯಲ್ಲ. ಕಾಂಡ್ಲಾದ ಬುಡ ಎಂದರೆ ಸಿಗಡಿ, ಏಡಿ, ಮರಿಮೀನುಗಳ ತೊಟ್ಟಿಲು. ಇಲ್ಲಿ ಬೆಳೆದದ್ದೇ ಮುಂದೆ ಕಡಲಿಗೆ ಹೋಗಿ ವರ್ಸೋವಾದ, ಮಢದ ದೋಣಿಗಳಿಗೆ ಸಿಗುವುದು. ತೊಟ್ಟಿಲಿಗೆ ಕೈ ಹಾಕಬೇಡಿ ಎನ್ನುವುದಕ್ಕೇ ಅಭಯಾರಣ್ಯ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಕರಪತ್ರ ಮೀನುಗಾರರ ವಿರುದ್ಧ ಅಲ್ಲವೇ ಅಲ್ಲ. 1987ರಲ್ಲಿ ಸಿಂಧುದುರ್ಗ ಕೋಟೆಯ ಸುತ್ತಿನ 29 ಚದರ ಕಿಲೋಮೀಟರ್ ಕಡಲನ್ನು ಮಾಲವಣ ಅಭಯಾರಣ್ಯ ಎಂದು ಘೋಷಿಸಿದಾಗ ಅಲ್ಲಿನ ಮೀನುಗಾರರು ವಿರೋಧಿಸಿದರು. ಹೊಟ್ಟೆಪಾಡಿನ ಭಯ, ನ್ಯಾಯವಾದದ್ದೇ. 1991ರ ತಿದ್ದುಪಡಿ ಕಾಯ್ದೆಗೆ ಹೊಸದಾಗಿ ಸೇರಿಸಿದ 26ಎ ಸೆಕ್ಷನ್, ಕಡಲನ್ನು ಅಭಯಾರಣ್ಯಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ವೃತ್ತಿಯ ಹಿತ ಕಾಯಲು ಸಾಕಷ್ಟು ಕ್ರಮ ಕೈಗೊಳ್ಳಬೇಕು ಎಂದು ಬರೆದಿದೆ. ಕಾನೂನಿಗೆ ನೆನಪಾದದ್ದು ದೋಣಿಯವನ ಅನ್ನ. ನಮ್ಮ ಮಡಚುವ ಕುರ್ಚಿ ಅದಕ್ಕೆ ನೆನಪಾಗಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಆಚರಣೆಯಲ್ಲಿ ಏನಾಗುತ್ತದೆ? ಏಡಿ ಹೆಕ್ಕುವ ಮುದುಕಿಯನ್ನು ಗದರುವುದು ಸುಲಭ, ಕಾರಿನಿಂದ ಇಳಿದು ಇಂಗ್ಲಿಷ್ ಮಾತಾಡುವವನ ಕೋಲು ಕಸಿಯುವುದು ಕಷ್ಟ. ನಮ್ಮ ಬೇಡಿಕೆ ತಿರುಗುಮುರುಗು: ದಂಡ ಮೊದಲು ಬೀಳಬೇಕಾದದ್ದು ಮೋಜಿನ ಮೇಲೆ.

ಮೊಗವೀರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲ್ಪೆಯಿಂದ ಬಂದು ಒಂದು ಶತಮಾನಕ್ಕೂ ಮೊದಲೇ ಈ ಶಹರದಲ್ಲಿ ಬೇರುಬಿಟ್ಟವರು ನೀವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಇಲ್ಲೂ ಊರಲ್ಲೂ ಯಂತ್ರದ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಶ್ರಾವಣದ ಹುಣ್ಣಿಮೆಗೆ ಇಲ್ಲಿನ ಕೋಳಿ ಮೀನುಗಾರರು ನೀರಿಗೆ ತೆಂಗಿನಕಾಯಿ ಬಿಟ್ಟು ಕಡಲ ಪೂಜೆ ಮಾಡುವಾಗ ಊರಿನ ದಂಡೆಯಲ್ಲೂ ಅದೇ ಪೂಜೆ. ಅರವತ್ತೊಂದು ದಿನ ಒಲೆ ತಣ್ಣಗಾದರೂ ತಡೆದುಕೊಳ್ಳುವ ಜನ ಇರುವಾಗ, ವಾರಕ್ಕೊಂದು ರಜೆ ಇರುವ ನಮಗೆ ಒಂದು ಖಾರಿಯನ್ನು ಬಿಟ್ಟುಕೊಡಲು ಆಗುವುದಿಲ್ಲವೆಂದರೆ ಏನನ್ನಬೇಕು?

ಗಾಳಕ್ಕೆ ಇಂಥ ನಿಷೇಧ ಬೇರೆ ಕಡೆಯೂ ಇದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2004ರಿಂದ ಮೂರನೆಯ ಒಂದು ಭಾಗ 'ಗ್ರೀನ್ ಝೋನ್'. ಅಲ್ಲಿ ಮೋಜಿಗೂ ಗಾಳ ಹಾಕುವಂತಿಲ್ಲ, ದೋಣಿಯಲ್ಲಿ ಹಾದುಹೋಗುವಾಗಲೂ ಕೋಲುಗಳನ್ನು ಎತ್ತಿ ಒಳಗಿಡಬೇಕು. ನಮ್ಮ 31ನೇ ಸೆಕ್ಷನ್ ಅದಕ್ಕಿಂತ ಹಳೆಯದು. ಹೊನ್ನಾವರದ ಅಪ್ಸರಕೊಂಡ–ಮುಗಳಿಯಲ್ಲಿ ಕರ್ನಾಟಕಕ್ಕೂ ಕಡಲ ಅಭಯಾರಣ್ಯ ಬಂದಿದೆ. ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಗಾಳದ ಕೋಲು ತುರುಕುವವರು ಇದನ್ನೂ ಗುರುತು ಹಾಕಿಕೊಳ್ಳಿ.

ಪೂರ್ವ ಬದಿಯವರಿಗೆ ಒಂದೇ ಮಾತು. ಆರೇ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಒಳಗಿನ ವಿಹಾರ್ ಕೆರೆ 1860ರದ್ದು, ತುಳಸಿ 1879ರದ್ದು, ಎರಡೂ ಕುಡಿಯುವ ನೀರು. ಆಯುಧದ ಸೆಕ್ಷನ್ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಅಲ್ಲದೆ ಆ ಕೆರೆಗಳಲ್ಲಿ ಮೊಸಳೆಗಳಿವೆ. ಮೊಸಳೆಗೆ 51ನೇ ಸೆಕ್ಷನ್ ಬೇಕಾಗಿಲ್ಲ.

ಗಾಳದ ಚಟ ಬಿಡಲಾಗದವರು ಇದ್ದಾರೆ, ಗೊತ್ತು. ಪವಾಯಿ ಕೆರೆಯ ದಂಡೆಯಲ್ಲಿ ಗಾಳದವರದ್ದೇ ಹಳೆಯ ಸಂಸ್ಥೆ ಇದೆ, ಸದಸ್ಯರಾಗಿ. ಅಭಯಾರಣ್ಯದ ಹೊರಗಿನ ಕಡಲತೀರ ಇದೆ, ಕತ್ತರಿಸಿದ ದಾರವನ್ನು ಜೇಬಿಗೆ ಹಾಕಿಕೊಂಡು ಬರುವುದಾದರೆ. ಮಾಲಾಡ್ ಖಾರಿ ಅಭಯಾರಣ್ಯವಲ್ಲ, ನಿಜ. ಆದರೆ ಅಲ್ಲಿಯ ಕಾಂಡ್ಲಾ ಕಡಿದರೆ, ಕೊಂಬೆ ಮುರಿದು ಕೂರಲು ಜಾಗ ಮಾಡಿದರೆ ಬೇರೆ ಕಾನೂನು ಕಾದಿದೆ. ಕಾಂಡ್ಲಾ ನಾಶವು ಸಂವಿಧಾನದ 21ನೇ ವಿಧಿಯ ಜೀವದ ಹಕ್ಕಿಗೇ ಧಕ್ಕೆ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ಹೇಳಿದೆ.

ಈಗ ಕೆಲಸದ ಮಾತು.

ಸೊಸೈಟಿ ಗುಂಪಿನಲ್ಲಿ ಖಾರಿಯ ಮೀನಿನ ಫೋಟೋ ಬಂದರೆ ಹೆಬ್ಬೆರಳು ಒತ್ತಬೇಡಿ, "ಎಲ್ಲಿ ಹಿಡಿದದ್ದು ಅಣ್ಣಾ?" ಎಂದು ಕೇಳಿ. ಬೈಯಬೇಡಿ, ಕೇಳಿ ಅಷ್ಟೆ. ಉತ್ತರ ಬರಲು ತಡವಾದರೆ ಈ ಕರಪತ್ರದ ಫೋಟೋ ತೆಗೆದು ಕಳಿಸಿ.

ಅಭಯಾರಣ್ಯದೊಳಗೆ ಗಾಳ, ಬಲೆ ಹಿಡಿದವರನ್ನು ಕಂಡರೆ ಜಗಳಕ್ಕೆ ಹೋಗಬೇಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಜಾಗ, ಹೊತ್ತು, ಗಾಡಿಯ ನಂಬರ್ ಹೇಳಿ. ಸಿಕ್ಕಿಕೊಂಡ ಹಕ್ಕಿ ಕಂಡರೂ ಅದೇ ನಂಬರ್. ಆ ಬೆಳಿಗ್ಗೆ ನಮ್ಮ ಮೂವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಮೂರನೆಯದು ನಮ್ಮ ಬೇಡಿಕೆ, ಇಲಾಖೆಯ ಕಾಂಡ್ಲಾ ವಿಭಾಗಕ್ಕೆ. ಖಾರಿಗೆ ಇಳಿಯುವ ಪ್ರತಿ ದಾರಿಯಲ್ಲೂ ಫಲಕ ಹಾಕಿ. 'ಪ್ರವೇಶ ನಿಷಿದ್ಧ' ಎಂಬ ಸವಕಲು ಎರಡು ಪದ ಸಾಲದು. 'ಗಾಳವೂ ಆಯುಧ' ಎಂದು ಬರೆಯಿರಿ, 3 ವರ್ಷ, 1 ಲಕ್ಷ ಎಂದು ಅಂಕಿಯಲ್ಲಿ ಬರೆಯಿರಿ, ಗಾಡಿ ಜಪ್ತಿ ಎಂದು ಬರೆಯಿರಿ. ಮರಾಠಿ, ಹಿಂದಿಯ ಜೊತೆ ಕನ್ನಡ, ಗುಜರಾತಿ, ತಮಿಳಿನಲ್ಲೂ ಇರಲಿ. ಓದಲು ಬರುವ ಭಾಷೆಯಲ್ಲಿ ಹೇಳಿದ ಮೇಲೆ "ಗೊತ್ತಿರಲಿಲ್ಲ" ಎನ್ನುವ ಬಾಯಿ ತಾನಾಗಿ ಮುಚ್ಚುತ್ತದೆ.

ಬರುವ ಭಾನುವಾರ ಇಳಿತದ ಹೊತ್ತಿಗೆ ಮಾರ್ವೆ ದಂಡೆಯಲ್ಲಿ ತಂಗೂಸ್ ಹೆಕ್ಕುವ ಕೆಲಸ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ 6ಕ್ಕೆ ಗೋರೆಗಾಂವ್ ಸ್ಟೇಷನ್ನಿನ ಪಶ್ಚಿಮ ಬದಿ, ಟಿಕೆಟ್ ಕಿಟಕಿಯ ಹೊರಗೆ ಸೇರಿ. ಹಳೆಯ ಕತ್ತರಿ, ದಪ್ಪ ಕೈಗವಸು, ಕೆಸರಿಗೆ ಆಗುವ ಚಪ್ಪಲಿ ತನ್ನಿ. ಮಕ್ಕಳನ್ನು ಕರೆತರಬಹುದು, ಆದರೆ ದಾರದ ತುದಿಯಲ್ಲಿ ಗಾಳ ಇದ್ದೀತು, ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ. ಹೆಕ್ಕಿದ ದಾರವನ್ನೆಲ್ಲ ಒಂದು ಡಬ್ಬಿಗೆ ತುಂಬಿ ಮನವಿಯ ಜೊತೆ ಇಲಾಖೆಗೆ ಕೊಡುತ್ತೇವೆ.

ಮನವಿಗೆ ಬೇರೆ ಕಾಗದ ಮಾಡಿಸಿಲ್ಲ. ಈ ಕರಪತ್ರದ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಹೆಸರು, ಬಿಲ್ಡಿಂಗು, ಸಹಿ ಹಾಕಿ ವಾಚ್‌ಮನ್ ಹತ್ತಿರ ಕೊಟ್ಟಿಡಿ, ಶನಿವಾರ ರಾತ್ರಿ ಬಂದು ಒಯ್ಯುತ್ತೇವೆ. ಐರೋಲಿಗೆ ಹೋಗುತ್ತಿದ್ದ ಆ ಎರಡು ಕಾರಿನವರ ಸಹಿ ಆಗಲೇ ಬಂದಿದೆ, ಪಟ್ಟಿಯಲ್ಲಿ ಮೊದಲೆರಡು ಅವರದ್ದೇ.

— ಗೋರೆಗಾಂವ್‌ನ ಕೆಲವು ಕನ್ನಡಿಗರು