ಪಹಣಿಯಲ್ಲಿ ಯಾರ ಹೆಸರಿದೆ?

ಒಂದು ರಾಜ್ಯದ ಆಡಳಿತವು ಹೇಗಿದೆಯೆಂಬುದನ್ನು ಅರಿಯಲು ವಿಧಾನಸೌಧದ ಮೆಟ್ಟಿಲುಗಳನ್ನು ಏರಬೇಕಾಗಿಲ್ಲ. ರೈತನು ತನ್ನದೇ ಹೊಲದ ಪಹಣಿಯನ್ನು ಪಡೆಯಲು ಎಷ್ಟು ದಿನ ಅಲೆಯಬೇಕಾಗುತ್ತದೆಂಬುದನ್ನು ನೋಡಿದರೆ ಸಾಕು. ಉತ್ತರದ ಜಿಲ್ಲೆಗಳಲ್ಲಿ ಉತಾರವೆಂದು ಕರೆಯಲ್ಪಡುವ ಈ ಒಂದು ಹಾಳೆಯೇ ಸಾಲಕ್ಕೂ, ಬೆಳೆವಿಮೆಗೂ, ನ್ಯಾಯಾಲಯದ ವ್ಯಾಜ್ಯಕ್ಕೂ ಆಧಾರ.

ಹಿಂದೆ ಈ ದಾಖಲೆಗಳೆಲ್ಲ ಕೈಬರಹದ ಪುಸ್ತಕಗಳಲ್ಲಿ ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಒಬ್ಬ ಲೆಕ್ಕಿಗನಿಗೆ ಹಲವು ಗ್ರಾಮಗಳ ಹೊಣೆ. ಅವನು ದೊರೆತರೆ ಪುಸ್ತಕ ದೊರೆಯುತ್ತಿರಲಿಲ್ಲ. ಎರಡೂ ದೊರೆತರೆ ಕೈ ಬಿಸಿ ಮಾಡದೆ ನಕಲು ದೊರೆಯುತ್ತಿರಲಿಲ್ಲ ಎಂಬುದು ಎಷ್ಟೋ ಮಂದಿಯ ಅನುಭವವಾಗಿತ್ತು. ಅಕ್ಷರವನ್ನು ಅಳಿಸಿ ತಿದ್ದಿದರೆ, ತಿದ್ದಿದವರು ಯಾರೆಂದು ಹೇಳುವವರೂ ಇರಲಿಲ್ಲ.

ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಈ ಸ್ಥಿತಿಯನ್ನು ಬದಲಿಸಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. 2002ರ ಹೊತ್ತಿಗೆ ಈ ವ್ಯವಸ್ಥೆಯು ರಾಜ್ಯದ ತಾಲ್ಲೂಕುಗಳನ್ನೆಲ್ಲ ವ್ಯಾಪಿಸಿತು. ಆರಂಭದಲ್ಲಿ 15 ರೂಪಾಯಿ ಶುಲ್ಕ ತೆತ್ತು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿಯೇ ಪಹಣಿಯನ್ನು ಪಡೆಯುವಂತಾಯಿತು. ಬೆರಳಚ್ಚು ಕೊಟ್ಟಲ್ಲದೆ ಸಿಬ್ಬಂದಿಯು ದಾಖಲೆಯನ್ನು ಮುಟ್ಟುವಂತಿಲ್ಲ. ಮುಟ್ಟಿದವರ ಗುರುತು ಯಂತ್ರದಲ್ಲಿ ಉಳಿಯುತ್ತದೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಂತೆಯೇ ಮುಂದುವರಿಯಬೇಕು. ಆಡಳಿತದಲ್ಲಿ ತಂತ್ರಜ್ಞಾನದ ನಿಜವಾದ ಉಪಕಾರವೆಂದರೆ ಇದು: ಅದು ವೇಗವನ್ನು ಮಾತ್ರ ತರುವುದಿಲ್ಲ, ಹೊಣೆಗಾರಿಕೆಯನ್ನೂ ತರುತ್ತದೆ.

ಇಂದು ಪಹಣಿಯು ಒಂಟಿ ದಾಖಲೆಯಾಗಿ ಉಳಿದಿಲ್ಲ. 2020ರಿಂದ ರೈತರೇ ಮೊಬೈಲಿನ ಮೂಲಕ ತಮ್ಮ ಬೆಳೆಯನ್ನು ಸಮೀಕ್ಷೆಗೆ ಸೇರಿಸುವ ಅವಕಾಶ ಬಂದಿದೆ. ಬೆಳೆಹಾನಿಯ ಪರಿಹಾರವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಸಂದಾಯವಾಗುತ್ತದೆ. ಹೊಲ, ಬೆಳೆ, ಒಡೆಯ, ಬ್ಯಾಂಕ್ ಖಾತೆ ಈ ನಾಲ್ಕೂ ಒಂದೇ ಸರಪಳಿಯ ಕೊಂಡಿಗಳಾಗಿವೆ. ಒಂದು ಕೊಂಡಿ ಸಡಿಲವಾದರೂ ರೈತನ ಮನೆಗೆ ಹಣ ತಲುಪದು.

ಆ ಸಡಿಲವಾದ ಕೊಂಡಿಯು ಅನೇಕ ವೇಳೆ ಕಚೇರಿಯಲ್ಲಿಲ್ಲ, ನಮ್ಮ ಮನೆಗಳಲ್ಲಿಯೇ ಇದೆ. ತಂದೆ ತೀರಿಕೊಂಡು ಇಪ್ಪತ್ತು ವರ್ಷಗಳಾಗಿರುತ್ತವೆ. ಪಹಣಿಯ 9ನೆಯ ಕಲಮಿನಲ್ಲಿ ಅವರ ಹೆಸರೇ ಇರುತ್ತದೆ. ಕೆಲವೆಡೆ ಅಜ್ಜನ ಹೆಸರೂ ಉಂಟು. ಇಂತಹ ಲಕ್ಷಾಂತರ ಜಮೀನುಗಳಿರುವುದರಿಂದಲೇ ಕಂದಾಯ ಇಲಾಖೆಯು 2025ರಲ್ಲಿ ಇ-ಪೌತಿ ಆಂದೋಲನವನ್ನು ಕೈಗೊಂಡಿತು. ಗಣಕಯಂತ್ರಕ್ಕೆ ಸಾವು ತಾನಾಗಿ ತಿಳಿಯದು. ನಾವು ತಿಳಿಸಿದುದನ್ನಷ್ಟೇ ಅದು ಬಲ್ಲದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128ನೆಯ ಕಲಮಿನಂತೆ, ವಾರಸಾದಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕು. 133ನೆಯ ಕಲಮಿನಂತೆ, ದಾಖಲಾದ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸತ್ಯವೆಂದೇ ಭಾವಿಸಲ್ಪಡುತ್ತದೆ. ಆದ್ದರಿಂದ ಮೌನವಾಗಿರುವುದೂ ಒಂದು ಸುಳ್ಳನ್ನು ಪೋಷಿಸಿದಂತೆಯೇ ಸರಿ.

“ಹಿರಿಯರ ಹೆಸರನ್ನು ತೆಗೆಸುವುದು ಅವರಿಗೆ ಅಗೌರವವಲ್ಲವೇ?” ಎಂದು ಕೇಳುವವರಿದ್ದಾರೆ. ಅವರ ಭಾವನೆಯನ್ನು ನಾವು ಬಲ್ಲೆವು. ಆದರೆ ಹಿರಿಯರ ಹೆಸರು ಉಳಿಯುವುದು ಮಕ್ಕಳ ನಡತೆಯಲ್ಲಿ. ಅವರ ಹೆಸರು ಪಹಣಿಯಲ್ಲಿಯೇ ನಿಂತ ಕಾರಣದಿಂದ ಬರಗಾಲದ ಪರಿಹಾರವು ತಪ್ಪಿಹೋದರೆ, ಅಣ್ಣತಮ್ಮಂದಿರು ನ್ಯಾಯಾಲಯದ ಕಟ್ಟೆಯನ್ನು ಹತ್ತಿದರೆ, ಅದು ಯಾವ ಗೌರವ?

ಇನ್ನೊಂದು ಮಾತು ಕೆಲವರಿಗೆ ಹಿತವಾಗದಿರಬಹುದು. ವಂಶವೃಕ್ಷವನ್ನು ಬರೆಯಿಸುವಾಗ ಮನೆಯ ತಾಯಿಯನ್ನೂ ಕೊಟ್ಟುಕಳಿಸಿದ ಹೆಣ್ಣುಮಕ್ಕಳನ್ನೂ ಕೈಬಿಡುವ ಚಾಳಿಯುಂಟು. 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ತಂಗಿಯು ತನ್ನ ಪಾಲನ್ನು ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ. ಆಕೆ ಹುಟ್ಟಿಯೇ ಇಲ್ಲವೆಂಬಂತೆ ಬರೆಯಿಸುವುದು ಬೇರೆ. ಕಾಗದದ ಮೇಲಿನ ಅನ್ಯಾಯವು ಯಂತ್ರಕ್ಕೆ ಸೇರಿದ ಮಾತ್ರಕ್ಕೆ ನ್ಯಾಯವಾಗದು. ಅದು ಎಲ್ಲ ಕಚೇರಿಗಳಿಗೂ ಒಮ್ಮೆಗೇ ಹರಡುತ್ತದೆ, ಅಷ್ಟೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಈ ತಿಂಗಳು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಪಹಣಿಯನ್ನು ತೆರೆದು ಓದಿರಿ. 9ನೆಯ ಕಲಮಿನಲ್ಲಿ ಯಾರ ಹೆಸರಿದೆ, 11ನೆಯ ಕಲಮಿನಲ್ಲಿ ತೀರಿದ ಸಾಲವು ಇನ್ನೂ ಉಳಿದಿದೆಯೇ ಎಂಬುದನ್ನು ನೋಡಿರಿ. ಮರಣಪತ್ರ, ವಂಶವೃಕ್ಷಗಳೊಡನೆ ನಾಡಕಚೇರಿಯನ್ನು ವಿಚಾರಿಸಿರಿ. ಓದುಬಲ್ಲ ತರುಣರು ಅಕ್ಷರವರಿಯದ ನೆರೆಯ ಅಜ್ಜಿಗೂ ಓದಿ ಹೇಳಲಿ. ಆಕೆಯ ಹೆಬ್ಬೆಟ್ಟು ದಲ್ಲಾಳಿಯ ಕೈಸೇರದಂತೆ ಕಾಯಲಿ. ಸರಕಾರದ ಲೆಕ್ಕವು ಶುದ್ಧವಾಗಬೇಕೆಂದು ಬಯಸುವವರು ಮನೆಯ ಲೆಕ್ಕದಿಂದಲೇ ಆರಂಭಿಸಬೇಕು.